ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್

ದಸರಾ ರಜೆ ಬಂತೆಂದರೆ ಮಕ್ಕಳ ಮನಸ್ಸು ಮೈಸೂರಿನತ್ತ ಓಡುತ್ತದೆ. ಅಷ್ಟು ದೂರ ಹೋಗಲಾಗದ ಕಲಬುರಗಿ, ರಾಯಚೂರು ಕಡೆಯ ಕುಟುಂಬಗಳಿಗೆ ಒಂದೇ ದಿನದಲ್ಲಿ ನೋಡಿ ಬರಬಹುದಾದ ತಾಣ ಹತ್ತಿರದಲ್ಲೇ ಇದೆ. ಅದೇ ಯಾದಗಿರಿ ಜಿಲ್ಲೆ ಸುರಪುರದ ಟೇಲರ್ ಮಂಜಿಲ್.

ಬೆಳಿಗ್ಗೆ ಯಾದಗಿರಿಯಲ್ಲಿ ರೈಲಿಳಿದು ಬಸ್ಸು ಹತ್ತಿದರೆ ಮೊದಲಿಗೆ ಭೀಮಾ ನದಿಯ ಸೇತುವೆ. ಮುಂದೆ ಶಹಾಪುರ. ಇಲ್ಲಿನ ಬೆಟ್ಟಸಾಲು ಅಂಗಾತ ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ ಯಾವುದು, ಮೂಗು ಯಾವುದು ಎಂದು ಮಕ್ಕಳೇ ಗುರುತಿಸಲಿ. ಅಲ್ಲಿಂದ ದಕ್ಷಿಣಕ್ಕೆ, ಗುಡ್ಡಗಳ ಮಡಿಲಲ್ಲಿ ಸುರಪುರ.

ಇದು ಬೇಡ ನಾಯಕರ ರಾಜಧಾನಿ. 1705ರಲ್ಲಿ ಔರಂಗಜೇಬನು ತಾನೇ ಬಂದು ಮುತ್ತಿಗೆ ಹಾಕಿದ ವಾಗಣಗೇರಾ ಕೋಟೆ ಇದರ ಸಮೀಪದಲ್ಲೇ ಇದೆ. 1840ರ ದಶಕದಲ್ಲಿ ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಇಲ್ಲಿಗೆ ಬಂದ. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಮನೆಯೇ ಟೇಲರ್ ಮಂಜಿಲ್. ಅಂಗಳದಲ್ಲಿ ನಿಂತರೆ ಊರು, ಹೊಲ, ಬಂಡೆಗುಡ್ಡಗಳೆಲ್ಲ ಕಣ್ಣಿಗೆ ಬೀಳುತ್ತವೆ.

ಆದರೆ ಈ ಮನೆಯ ನಿಜವಾದ ಆಕರ್ಷಣೆ ನೋಟವಲ್ಲ, ಕಥೆ. ಟೇಲರ್ ಬಂದಾಗ ಅರಸು ವೆಂಕಟಪ್ಪ ನಾಯಕ ಇನ್ನೂ ಬಾಲಕ. ತಂದೆಯಿಲ್ಲದ ಹುಡುಗ ಟೇಲರನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1853ರಲ್ಲಿ ರಾಜ್ಯವನ್ನು ಅವನ ಕೈಗೊಪ್ಪಿಸಿ ಟೇಲರ್ ಹೊರಟುಹೋದ. ಐದೇ ವರ್ಷಗಳಲ್ಲಿ, 1858ರ ಫೆಬ್ರುವರಿಯಲ್ಲಿ, ಆ ಯುವಕ ಇಂಗ್ಲಿಷರ ಸೇನೆಯ ವಿರುದ್ಧ ನಿಂತ. ಸೋತು ಹೈದರಾಬಾದಿಗೆ ಹೋದವನು ಅಲ್ಲಿ ಸೆರೆಸಿಕ್ಕ. ಬಂದೀಖಾನೆಗೆ ಬಂದ ಟೇಲರನನ್ನು ಕಂಡು ಅವನು ಬಿಗಿದಪ್ಪಿ ಅತ್ತನೆಂದು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ವಿಧಿಸಿದ್ದ ಮರಣದಂಡನೆ ಇಳಿದು ಇಳಿದು ಕೊನೆಗೆ ನಾಲ್ಕು ವರ್ಷದ ಸೆರೆವಾಸವಾಯಿತು. ಆದರೆ ಸೆರೆಮನೆಗೆ ಒಯ್ಯುವ ದಾರಿಯಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ವೆಂಕಟಪ್ಪ ನಾಯಕ ತೀರಿಕೊಂಡ. ಆಗ ಅವನ ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. ಮುಂದೆ ಸಂಸ್ಥಾನ ನಿಜಾಮನ ಪಾಲಾಯಿತು.

ಹಾಗಾದರೆ ಟೇಲರ್ ಒಳ್ಳೆಯವನೋ, ಪರಕೀಯನೋ? ಮಕ್ಕಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ತಂದೆತಾಯಿಗಳು ಅವಸರದ ಉತ್ತರ ಕೊಡಬೇಕಿಲ್ಲ. ಹುಡುಗನನ್ನು ಪ್ರೀತಿಸಿದವನೂ ಅವನೇ, ಹುಡುಗ ಎದುರಿಸಿದ ಸರ್ಕಾರದ ನೌಕರನೂ ಅವನೇ. ಪಠ್ಯಪುಸ್ತಕದ ಒಂದು ಸಾಲಿನಲ್ಲಿ ಮುಗಿಯುವ 1858ರ ಬಂಡಾಯ ಈ ಅಂಗಳದಲ್ಲಿ ಮನುಷ್ಯರ ಕಥೆಯಾಗುತ್ತದೆ.

ಹೊತ್ತಿದ್ದರೆ ಬೋನಾಳ ಕೆರೆಯ ಪಕ್ಷಿಧಾಮವನ್ನೂ ನೋಡಬಹುದು. ಬಿಸಿಲು ಹೆಚ್ಚು. ಬುತ್ತಿ, ನೀರು, ಟೋಪಿ ಜೊತೆಗಿರಲಿ. ಮನೆಯ ಒಳಗೆ ಹೋಗುವ ಮುನ್ನ ಅಲ್ಲಿರುವವರ ಅನುಮತಿ ಕೇಳಿ. ಗೋಡೆಯ ಮೇಲೆ ಹೆಸರು ಕೆತ್ತುವುದು ಬೇಡ. ನೆನಪಿಡಬೇಕಾದ ಎರಡು ಹೆಸರುಗಳು ಆ ಮನೆಗೆ ಈಗಾಗಲೇ ಇವೆ.