ಯಂತ್ರಶಾಲೆಯ ಈಥರ್ನೆಟ್ ಜಾಲ: ಅದರ ಎರಡು ವಿನ್ಯಾಸಗಳು

ಶಬ್ದವು ಆಕಾಶದ ಗುಣವೆಂದು ನಮ್ಮ ನೈಯಾಯಿಕರು ಹೇಳಿದರು. ಬೆಳಕಿನ ಅಲೆಗಳಿಗೆ ಆಧಾರವಾಗಿ ‘ಈಥರ್’ ಎಂಬ ಸರ್ವವ್ಯಾಪಿಯಾದ ದ್ರವ್ಯವೊಂದುಂಟೆಂದು ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯ ವಿಜ್ಞಾನಿಗಳು ಊಹಿಸಿದ್ದರು. 1887ರಲ್ಲಿ ಮೈಕಲ್ಸನ್ ಮತ್ತು ಮಾರ್ಲಿ ಎಂಬವರು ನಡೆಸಿದ ಪ್ರಯೋಗದಲ್ಲಿ ಅದರ ಸುಳಿವು ದೊರೆಯಲಿಲ್ಲ. ವಸ್ತುವು ಹೋದರೂ ಹೆಸರು ಉಳಿಯಿತು. 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿದ್ದ ರಾಬರ್ಟ್ ಮೆಟ್ಕಾಫರು ಗಣಕಯಂತ್ರಗಳನ್ನು ಕೂಡಿಸುವ ತಮ್ಮ ಜಾಲಕ್ಕೆ ‘ಈಥರ್ನೆಟ್’ ಎಂದು ನಾಮಕರಣ ಮಾಡಿದರು.

ಆ ಮೊದಲ ಜಾಲದಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ತಂತಿ. ಎರಡು ಯಂತ್ರಗಳು ಏಕಕಾಲದಲ್ಲಿ ನುಡಿಯತೊಡಗಿದರೆ ಎರಡೂ ಸುಮ್ಮನಾಗಿ, ಇಷ್ಟೇ ಎಂಬ ನಿಯಮವಿಲ್ಲದಷ್ಟು ಹೊತ್ತು ಕಾದು, ಮರಳಿ ಆರಂಭಿಸಬೇಕಾಗಿದ್ದಿತು. ಕಛೇರಿಗೆ ಇದು ಸಾಕು, ಯಂತ್ರಶಾಲೆಗೆ ಸಾಲದು. ಹಲವು ಮೋಟಾರುಗಳು ಹೆಜ್ಜೆಗೂಡಿ ತಿರುಗುವೆಡೆಯಲ್ಲಿ ಆಜ್ಞೆಯು ಸೆಕೆಂಡಿನ ಸಾವಿರದಲ್ಲೊಂದು ಭಾಗದೊಳಗೆ ತಲಪಬೇಕಾಗುವುದುಂಟು. ಅಲ್ಲಿ ತಡವಾಗಿ ಬಂದ ಸರಿಯಾದ ಆಜ್ಞೆಯೂ ತಪ್ಪಾದುದೇ. ಒಂದೊಂದು ಯಂತ್ರಕ್ಕೂ ಪ್ರತ್ಯೇಕವಾದ ದಾರಿಯನ್ನು ಕೊಡುವ ಸ್ವಿಚ್ಚುಗಳು ಬಂದ ತರುವಾಯ ಈ ತೊಡಕು ಬಹುಮಟ್ಟಿಗೆ ನೀಗಿತು.

ಇಂತಹ ಜಾಲವನ್ನು ಯೋಜಿಸತಕ್ಕವನು ಎರಡು ನಕ್ಷೆಗಳನ್ನು ಬರೆಯಬೇಕು. ಯಾರು ಯಾರೊಡನೆ ನುಡಿಯಬಹುದೆಂಬುದು ತಾರ್ಕಿಕ ವಿನ್ಯಾಸ. ತಂತಿಯು ಯಾವ ಗೋಡೆಯ ಪಕ್ಕದಲ್ಲಿ ಹಾಯುತ್ತದೆಂಬುದು ಭೌತಿಕ ವಿನ್ಯಾಸ. ಪದ್ಯದಲ್ಲಿ ಪದಗಳು ನಿಂತ ಕ್ರಮ ಬೇರೆ, ಅವುಗಳ ಅನ್ವಯ ಬೇರೆ ಎಂಬುದನ್ನು ಬಲ್ಲ ವಾಚಕರಿಗೆ ಈ ಭೇದವು ಹೊಸತೆನಿಸದು. ಒಂದೇ ಸ್ವಿಚ್ಚಿಗೆ ತಾಗಿದ ಎರಡು ಯಂತ್ರಗಳು ತಾರ್ಕಿಕವಾಗಿ ಪರಸ್ಪರ ಅಪರಿಚಿತವಾಗಿರಬಹುದು. ಲೆಕ್ಕಪತ್ರದ ಗಣಕಯಂತ್ರವು ಕುಲುಮೆಯನ್ನು ನಡೆಸುವ ನಿಯಂತ್ರಕವನ್ನು ಮುಟ್ಟಲಾಗದಂತೆ ಬೇರ್ಪಡಿಸುವುದು ಹೀಗೆಯೇ.

ಭೌತಿಕ ನಕ್ಷೆಯ ನಿಯಮಗಳು ಒರಟಾದವು. ತಾಮ್ರದ ಜೋಡಿತಂತಿಗೆ 100 ಮೀಟರು ಎಲ್ಲೆ. ಅದಕ್ಕಿಂತ ದೂರವಿದ್ದರೆ, ಅಥವಾ ದೊಡ್ಡ ಮೋಟಾರುಗಳ ವಿದ್ಯುತ್‌ಕ್ಷೋಭೆಯ ನಡುವೆ ಹಾಯಬೇಕಾದರೆ, ಬೆಳಕನ್ನು ಸಾಗಿಸುವ ಗಾಜಿನ ಎಳೆಯೇ ಯುಕ್ತ.

ಎರಡು ನಕ್ಷೆಗಳೂ ಒಂದನ್ನೊಂದು ಕೆಣಕುವುದು ಉಂಗುರದ ವಿಷಯದಲ್ಲಿ. ಒಂದೆಡೆ ತಂತಿ ತುಂಡಾದರೂ ಇನ್ನೊಂದು ದಾರಿ ಉಳಿಯಲೆಂದು ಸ್ವಿಚ್ಚುಗಳನ್ನು ಉಂಗುರವಾಗಿ ಕೂಡಿಸುವುದು ರೂಢಿ. ಆದರೆ ಈಥರ್ನೆಟ್ಟಿನ ಸಂದೇಶದಲ್ಲಿ ಅದು ಎಷ್ಟು ಸ್ವಿಚ್ಚುಗಳನ್ನು ದಾಟಿತೆಂದು ಎಣಿಸುವ ಗುರುತಿಲ್ಲ. ತೆರೆದ ಉಂಗುರದೊಳಗೆ ಹೊಕ್ಕ ಸಾರ್ವತ್ರಿಕ ಸಂದೇಶವು ಕೊನೆಯಿಲ್ಲದೆ ಸುತ್ತುತ್ತ ಜಾಲವನ್ನೇ ಮುಚ್ಚಿಬಿಡುವುದು. ಆದಕಾರಣ ಉಂಗುರದ ಒಂದು ಕೊಂಡಿಯನ್ನು ತಾರ್ಕಿಕವಾಗಿ ಮುಚ್ಚಿಟ್ಟು, ಬೇರೆಡೆ ಮುರಿದಾಗ ಮಾತ್ರ ತೆರೆಯುತ್ತಾರೆ. ಕಛೇರಿಯ ಜಾಲಗಳಿಗಾಗಿ ಮೊದಲು ಹುಟ್ಟಿದ ವಿಧಾನದಲ್ಲಿ ಇದಕ್ಕೆ 30ರಿಂದ 50 ಸೆಕೆಂಡು ಹಿಡಿಯುತ್ತಿದ್ದಿತು. ಅಷ್ಟರಲ್ಲಿ ಯಂತ್ರಶಾಲೆಯೇ ನಿಂತುಹೋದೀತು!

ಇಷ್ಟೆಲ್ಲ ಮಾಡಿಯೂ, ಉಂಗುರದ ಹೋಗುವ ಎಳೆ ಮತ್ತು ಬರುವ ಎಳೆಗಳೆರಡನ್ನೂ ಒಂದೇ ಕೊಳವೆಯಲ್ಲಿ ಹಾಯಿಸಿದರೆ ಪ್ರಯೋಜನವೇನು? ಅಗೆಯುವವನ ಒಂದು ಪೆಟ್ಟಿಗೆ ಎರಡೂ ತುಂಡಾಗುವುವು. ತಾರ್ಕಿಕ ನಕ್ಷೆಯಲ್ಲಿ ಈ ದೋಷವು ಕಾಣುವುದೇ ಇಲ್ಲ. ಅದನ್ನು ಕಾಣಬೇಕಾದರೆ ಎರಡನೆಯ ನಕ್ಷೆಯನ್ನು ಕೈಯಲ್ಲಿ ಹಿಡಿದು ಯಂತ್ರಶಾಲೆಯ ನೆಲದಮೇಲೆ ನಡೆದು ನೋಡಬೇಕು.