ಮೊಳೆ ಗನ್ ಬಂತು, ಎಡಗೈ ಜೋಪಾನ

ಹುಣಸೂರು ಸೀಮೆಗೂ ಮರಗೆಲಸಕ್ಕೂ ಹಳೆಯ ನಂಟು. 19ನೇ ಶತಮಾನದಲ್ಲಿ ಅಮೃತಮಹಲ್ ದನಗಳ ಇಲಾಖೆಯ ಕೇಂದ್ರವಾಗಿದ್ದ ಈ ಊರಿನಲ್ಲಿ ಚರ್ಮ ಹದ ಮಾಡುವ, ಕಂಬಳಿ ತಯಾರಿಸುವ ಕಾರ್ಯಾಗಾರಗಳ ಜತೆಗೆ ಗಾಡಿ ಕಟ್ಟುವ ಮರದ ಅಂಗಳವೂ ಇತ್ತು. ಒಂದು ಕಡೆ ಹೆಗ್ಗಡದೇವನಕೋಟೆಯ ಕಾಡು, ಇನ್ನೊಂದು ಕಡೆ ಪಿರಿಯಾಪಟ್ಟಣದಾಚೆ ಕೊಡಗಿನ ಕಾಫಿ ತೋಟ. ತೇಗ, ಹೊನ್ನೆ, ಮತ್ತಿ, ಸಿಲ್ವರ್ ಓಕ್‌ಗಳ ಗುಣಾವಗುಣ ಇಲ್ಲಿನ ಆಚಾರಿಗಳಿಗೆ ಯಾರೂ ಹೇಳಿಕೊಡಬೇಕಾದುದಲ್ಲ. ಉಳಿ, ಬಾಚಿ, ಗರಗಸ, ಸುತ್ತಿಗೆಗಳನ್ನು ನಂಬಿಯೇ ಎಷ್ಟೋ ಮನೆತನಗಳು ಬದುಕಿವೆ.

ಆ ಸಲಕರಣೆಗಳ ಚೀಲಕ್ಕೆ ಈಗ ಹೊಸದೊಂದು ಸೇರುತ್ತಿದೆ. ಬ್ಯಾಟರಿಯಿಂದ ನಡೆಯುವ, ವೈರಿನ ಹಂಗಿಲ್ಲದ ನೇಲ್ ಗನ್. ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ಗನ್ನುಗಳು ಪ್ಲೈವುಡ್ ಕೆಲಸದವರಿಗೆ ಹೊಸತಲ್ಲ. ಆದರೆ ಅವುಗಳಿಗೆ ಕಂಪ್ರೆಸರ್ ಬೇಕು, ಕಂಪ್ರೆಸರ್‌ಗೆ ಕರೆಂಟು ಬೇಕು. ಕೆ.ಆರ್. ನಗರದ ಕಡೆಯ ಹಳ್ಳಿಯೊಂದರಲ್ಲಿ ಇನ್ನೂ ಮೀಟರ್ ಕೂಡದ ಹೊಸ ಮನೆಗೆ ಹೋಗಿ ಕೆಲಸ ಮಾಡಬೇಕಾದವರಿಗೆ ಅದು ಹೊರೆ. ಬ್ಯಾಟರಿ ಗನ್ ಆದರೆ ಬೈಕಿನಲ್ಲಿಯೇ ಒಯ್ಯಬಹುದು. ಕೆಲಸವೂ ಚುರುಕು. ಸುತ್ತಿಗೆಯಲ್ಲಿ ಐದಾರು ಪೆಟ್ಟು ಬೇಡುವ ಮೊಳೆ ಒಂದೇ ಒತ್ತಿಗೆ ಮರದೊಳಗೆ ಅಡಗುತ್ತದೆ.

ಅನುಕೂಲ ದೊಡ್ಡದು. ಆದರೆ ಬೆಲೆ ತೆತ್ತು ಗನ್ ತರುವವರು ಅದರೊಂದಿಗೆ ಬರುವ ಕೈಪಿಡಿಯನ್ನು ಡಬ್ಬದಲ್ಲಿಯೇ ಬಿಟ್ಟುಬಿಟ್ಟರೆ ಅಪಾಯವೂ ಅಷ್ಟೇ ದೊಡ್ಡದು.

ಒಳಗೆ ನಡೆಯುವುದೇನು?

ವೈರಿಲ್ಲದ ಗನ್ನುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದರಲ್ಲಿ ಮೋಟಾರು ಒಂದು ಭಾರದ ಚಕ್ರವನ್ನು ಅತಿ ವೇಗವಾಗಿ ತಿರುಗಿಸುತ್ತದೆ. ಟ್ರಿಗರ್ ಒತ್ತಿದಾಗ ಆ ಚಕ್ರದ ಶಕ್ತಿಯೆಲ್ಲ ಒಂದು ಉಕ್ಕಿನ ಪಟ್ಟಿಗೆ ವರ್ಗವಾಗಿ, ಪಟ್ಟಿ ಮೊಳೆಯ ತಲೆಯ ಮೇಲೆ ಬಡಿಯುತ್ತದೆ. ಎರಡನೆಯದರಲ್ಲಿ ಮುಚ್ಚಿದ ಸಿಲಿಂಡರಿನೊಳಗೆ ಒತ್ತಿಟ್ಟ ಗಾಳಿ ಅಥವಾ ಸಾರಜನಕವೇ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಮೂರನೆಯದು ಅನಿಲದ್ದು. ಸಣ್ಣ ಡಬ್ಬಿಯ ಅನಿಲಕ್ಕೆ ಬ್ಯಾಟರಿಯ ಕಿಡಿ ತಾಗಿ, ಮೋಟಾರ್ ಸೈಕಲ್ ಎಂಜಿನ್ನಿನಲ್ಲಿ ಆಗುವಂತೆ ಸ್ಫೋಟವಾಗಿ ಪಿಸ್ಟನ್ ಮುಂದೆ ನುಗ್ಗುತ್ತದೆ. ಅಮೆರಿಕದ ಪಾಸ್‌ಲೋಡ್ ಕಂಪನಿ 1986ರಲ್ಲಿಯೇ ಇಂಥ ಗನ್ ಹೊರತಂದಿತ್ತು.

ಬಗೆ ಯಾವುದಾದರೂ ವೇಗ ಮಾತ್ರ ಕಣ್ಣಿಗೆ ನಿಲುಕದ್ದು. ಮೊಳೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಹೊರಟಿತು ಎಂದಿಟ್ಟುಕೊಂಡರೂ 5 ಸೆಂಟಿಮೀಟರ್ ಉದ್ದದ ಮೊಳೆ ಇಳಿಯಲು ಅದಕ್ಕೆ ಸಾಕಾಗುವುದು ಸೆಕೆಂಡಿನ ಐನೂರನೇ ಒಂದು ಭಾಗ. ಅಪಾಯ ಕಂಡು ಮನುಷ್ಯ ಕೈ ಹಿಂದೆಗೆಯಲು ಬೇಕಾಗುವ ಸಮಯ ಸುಮಾರು ಸೆಕೆಂಡಿನ ಐದನೇ ಒಂದು ಭಾಗ. ಅಂದರೆ ಕೈ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಅಂಥ ನೂರು ಮೊಳೆ ಇಳಿಯುವಷ್ಟು ಕಾಲ ಕಳೆದಿರುತ್ತದೆ!

ಸುತ್ತಿಗೆಯ ಅಭ್ಯಾಸವೇ ಶತ್ರು

ಸುತ್ತಿಗೆ ಹಿಡಿದವನ ಎಡಗೈ ಯಾವಾಗಲೂ ಮೊಳೆಯ ಬುಡದಲ್ಲಿಯೇ ಇರುತ್ತದೆ. ಮೊಳೆ ಹಿಡಿಯಬೇಕು, ಹಲಗೆ ಅಲುಗದಂತೆ ಒತ್ತಬೇಕು. ಪೆಟ್ಟು ತಪ್ಪಿದರೆ ಹೆಬ್ಬೆರಳು ಕಪ್ಪಾದೀತು, ಉಗುರು ಬಿದ್ದೀತು, ವಾರದಲ್ಲಿ ನೋವು ಮರೆತೀತು. ಸುತ್ತಿಗೆ ತಪ್ಪನ್ನು ಕ್ಷಮಿಸುವ ಉಪಕರಣ. ಗನ್ ಹಾಗಲ್ಲ. ಅದಕ್ಕೆ ಮೊಳೆ ಹಿಡಿದುಕೊಡುವ ಕೈ ಬೇಕಾಗಿಯೇ ಇಲ್ಲ. ಆದರೂ ಇಪ್ಪತ್ತು ವರ್ಷ ಬಡಗಿತನ ಮಾಡಿದವರ ಎಡಗೈ ತನಗೆ ತಾನೇ ಹಳೆಯ ಜಾಗಕ್ಕೆ ಹೋಗಿ ಕುಳಿತುಬಿಡುತ್ತದೆ.

ಅಮೆರಿಕದಲ್ಲಿ 2001ರಿಂದ 2005ರವರೆಗೆ ನೇಲ್ ಗನ್ ಗಾಯಗಳಿಗಾಗಿ ವರ್ಷಕ್ಕೆ ಸರಾಸರಿ 37,000 ಮಂದಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದಿದ್ದರು. ಅಲ್ಲಿನ ಕಾರ್ಮಿಕ ಸುರಕ್ಷತಾ ಸಂಸ್ಥೆಗಳು 2011ರಲ್ಲಿ ಹೊರತಂದ ಮಾರ್ಗದರ್ಶಿಯ ಪ್ರಕಾರ ಇಂಥ ಗಾಯಗಳಲ್ಲಿ ಹೆಚ್ಚಿನವು ಕೈ ಮತ್ತು ಬೆರಳುಗಳಿಗೇ ಆಗುತ್ತವೆ. ಕೈಗಾಯಗಳಲ್ಲಿ ಸುಮಾರು ಕಾಲು ಭಾಗ ಸ್ನಾಯುರಜ್ಜು, ನರ, ಕೀಲು, ಮೂಳೆಗಳಿಗೆ ಪೆಟ್ಟಾದವು. ಕೈಯನ್ನೇ ನಂಬಿದವನಿಗೆ ಬೆರಳು ಮಡಚಲು ಬಾರದಿದ್ದರೆ ಮುಂದಿನ ಗತಿ ಏನು?

ಆದ್ದರಿಂದ ಮೊದಲ ನಿಯಮ ಒಂದು ಅಡಿಯ ನಿಯಮ. ಮೊಳೆ ಬೀಳುವ ಜಾಗದಿಂದ ಎಡಗೈ ಕನಿಷ್ಠ 12 ಅಂಗುಲ ದೂರವಿರಬೇಕು. ಹಲಗೆ ಚಿಕ್ಕದಾಗಿ ಅಷ್ಟು ಜಾಗ ಸಿಗದಿದ್ದರೆ ಕ್ಲಾಂಪ್ ಬಿಗಿಯಬೇಕು. ಕ್ಲಾಂಪಿನ ಬೆಲೆ ಬೆರಳಿನ ಬೆಲೆಗಿಂತ ಹೆಚ್ಚಲ್ಲ. ಈ ನಿಯಮ ಗನ್ ಹಿಡಿದವನಿಗಷ್ಟೇ ಅಲ್ಲ, ಎದುರು ನಿಂತು ಪಟ್ಟಿ ಹಿಡಿದುಕೊಡುವ ಹುಡುಗನಿಗೂ ಅನ್ವಯಿಸುತ್ತದೆ. ಮೇಸ್ತ್ರಿಯ ಕಣ್ಣು ಮೊಳೆಯ ಮೇಲಿರುತ್ತದೆ, ಹುಡುಗನ ಕೈ ಹಲಗೆಯ ಹಿಂದೆ ಇರುತ್ತದೆ. ಅಲ್ಲಿಯೇ ಅನಾಹುತ.

ಟ್ರಿಗರ್‌ನಲ್ಲಿ ಎರಡು ಕ್ರಮ

ಗನ್ನಿನ ಮೂತಿಯಲ್ಲಿ ಒಳಕ್ಕೆ ಹೊರಕ್ಕೆ ಸರಿಯುವ ಒಂದು ತುದಿ ಇರುತ್ತದೆ. ಅದನ್ನು ಮರಕ್ಕೆ ಒತ್ತಿದ ಹೊರತು ಮೊಳೆ ಹಾರಬಾರದು. ಇದೇ ಗನ್ನಿನ ಕಾವಲುಗಾರ. ಕೆಲಸ ಬೇಗ ಸಾಗಲಿ ಎಂದು ಇದನ್ನು ತಂತಿಯಿಂದ ಕಟ್ಟುವುದು, ಸ್ಪ್ರಿಂಗ್ ಕಿತ್ತುಹಾಕುವುದು ಕೇವಲ ಹುಂಬತನ.

ಮೊದಲು ತುದಿ ಒತ್ತಿ ಆಮೇಲೆ ಟ್ರಿಗರ್ ಎಳೆದರೆ ಮಾತ್ರ ಒಂದು ಮೊಳೆ ಬರುವುದು ಒಂದು ಕ್ರಮ. ಟ್ರಿಗರ್ ಹಿಡಿದೇ ಇದ್ದು, ತುದಿ ತಾಗಿದಲ್ಲೆಲ್ಲ ಮೊಳೆ ಬರುವುದು ಇನ್ನೊಂದು. ಹಲವು ಗನ್ನುಗಳಲ್ಲಿ ಎರಡನ್ನೂ ಬದಲಾಯಿಸುವ ಗುಂಡಿ ಇರುತ್ತದೆ. ಎರಡನೆಯ ಕ್ರಮದಲ್ಲಿ ಗನ್ ಹಿಂದಕ್ಕೆ ಒದ್ದು ಮತ್ತೆ ಮರಕ್ಕೆ ತಾಗಿದರೆ ಬೇಡದ ಎರಡನೇ ಮೊಳೆಯೂ ಹಾರುತ್ತದೆ. ಗನ್ ಹಿಡಿದು ತಿರುಗುವಾಗ ಪಕ್ಕದವನ ತೊಡೆಗೆ ತುದಿ ತಾಗಿದರೂ ಸಾಕು. ಇದರಲ್ಲಿ ಗಾಯದ ಸಂಭವ ಮೊದಲ ಕ್ರಮದ ಎರಡರಷ್ಟು ಎಂದು ಅದೇ ಮಾರ್ಗದರ್ಶಿ ಹೇಳುತ್ತದೆ.

ವೇಗದ ಲಾಭವಾದರೂ ಎಷ್ಟು? ಹತ್ತು ಮಂದಿ ಅನುಭವಿ ಬಡಗಿಗಳಿಂದ ಒಂದೇ ಅಳತೆಯ ಚಿಕ್ಕ ಮರದ ಕೊಠಡಿಗಳನ್ನು ಎರಡೂ ಕ್ರಮದಲ್ಲಿ ಕಟ್ಟಿಸಿ ನೋಡಲಾಯಿತು. ಎರಡನೆಯ ಕ್ರಮದಲ್ಲಿ ಮೊಳೆ ಹೊಡೆಯುವ ಸಮಯ ಶೇ. 10ರಷ್ಟು ಉಳಿಯಿತು ನಿಜ. ಆದರೆ ಇಡೀ ಕೆಲಸದ ಲೆಕ್ಕದಲ್ಲಿ ಉಳಿತಾಯ ಶೇ. 1ಕ್ಕಿಂತ ಕಡಿಮೆ. ಒಂದು ಲೋಟ ಟೀ ಕುಡಿಯುವ ಹೊತ್ತಿನ ಉಳಿತಾಯಕ್ಕೆ ಬೆರಳು ಪಣಕ್ಕಿಡುವುದು ಜಾಣತನವಲ್ಲ.

ಮರದ ಗುಣ ಅರಿತು

ಪ್ಲೈವುಡ್ಡಿಗೆ ಬೀಡಿಂಗ್ ಪಟ್ಟಿ ಕೂರಿಸಲು, ಸಿಲ್ವರ್ ಓಕ್‌ನಂಥ ಮೆದು ಮರಕ್ಕೆ, ಪ್ಯಾಕಿಂಗ್ ಪೆಟ್ಟಿಗೆಗಳಿಗೆ ಈ ಗನ್ ಹೇಳಿ ಮಾಡಿಸಿದ್ದು. ಆದರೆ ಒಣಗಿದ ಮತ್ತಿಯ ಮುಂದೆ ತೆಳು ಮೊಳೆಯ ಆಟ ನಡೆಯುವುದಿಲ್ಲ. ಗಂಟು, ಹಳೆಯ ಮೊಳೆ, ಕಬ್ಬಿಣದ ಪಟ್ಟಿ ಅಡ್ಡ ಬಂದರೆ ಮೊಳೆ ದಾರಿ ತಪ್ಪಿ, ಬಾಗಿ, ಹಲಗೆಯ ಪಕ್ಕದಿಂದ ಹೊರಬರುತ್ತದೆ. ಅಂಚಿಗೆ ತೀರ ಹತ್ತಿರ ಹೊಡೆದರೂ ಹಾಗೆಯೇ. ಗಟ್ಟಿ ಮರಕ್ಕೆ ಡ್ರಿಲ್ಲಿನಿಂದ ತೂತು ಕೊರೆದು ಸ್ಕ್ರೂ ಹಾಕುವುದೇ ಲೇಸು. ಬಾಗಿಲ ಚೌಕಟ್ಟಿನ ಭಾರ ಹೊರುವ ಜೋಡಣೆಗಳಿಗೆ ಕಚ್ಚು ಹಾಕಿ ಕೂಡಿಸುವ ಹಿರಿಯರ ವಿದ್ಯೆಗೆ ಈ ಗನ್ ಬದಲಿಯಲ್ಲ.

ಹೆಂಚಿನ ಮನೆಗೆ ರೀಪರ್ ಹೊಡೆಯುವಾಗ ಏಣಿಯ ಮೇಲೆ ಒಂದು ಕೈಯಲ್ಲಿ ಗನ್, ಒಂದು ಕೈಯಲ್ಲಿ ಆಸರೆ ಎಂಬ ಸರ್ಕಸ್ ಬೇಡ. ಗಟ್ಟಿಯಾದ ಅಟ್ಟಣೆ ಕಟ್ಟಿಕೊಳ್ಳಬೇಕು. ಏಣಿ ಹತ್ತಿ ಇಳಿಯುವಾಗ ಟ್ರಿಗರ್ ಮೇಲೆ ಬೆರಳಿರಕೂಡದು. ಮೊಳೆ ಚಿಮ್ಮಬಹುದಾದ್ದರಿಂದ ಪಕ್ಕವೂ ಮುಚ್ಚಿರುವ ಕನ್ನಡಕ ಕಡ್ಡಾಯ. ದಿನವಿಡೀ ಕೆಲಸವಿದ್ದರೆ ಕಿವಿಗೂ ರಕ್ಷಣೆ ಬೇಕು.

ಬ್ಯಾಟರಿ ಮತ್ತು ಬ್ಯಾರನ್

ಒಂದು ಗನ್ನಿನ ಮೇಲೆ 18 ವೋಲ್ಟ್, ಇನ್ನೊಂದರ ಮೇಲೆ 20 ವೋಲ್ಟ್ ಎಂದು ಬರೆದಿದ್ದರೆ ಎರಡನೆಯದಕ್ಕೆ ಬಲ ಜಾಸ್ತಿ ಎಂದು ತಿಳಿಯಬೇಕಾಗಿಲ್ಲ. ಎರಡರಲ್ಲಿಯೂ ಸಾಲಾಗಿ ಜೋಡಿಸಿರುವುದು ಐದು ಲಿಥಿಯಂ ಅಯಾನ್ ಕೋಶಗಳನ್ನೇ. ಕೋಶವೊಂದಕ್ಕೆ ಸರಾಸರಿ 3.6 ವೋಲ್ಟ್ ಹಿಡಿದರೆ 18, ಆಗತಾನೆ ಚಾರ್ಜ್ ಆದಾಗಿನ 4 ವೋಲ್ಟ್ ಹಿಡಿದರೆ 20.

1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಈ ಬಗೆಯ ಬ್ಯಾಟರಿ ಹಗುರ, ಬಲಶಾಲಿ. ಆದರೆ ಅದಕ್ಕೆ ಎರಡು ಶತ್ರುಗಳು. ಮೊದಲನೆಯದು ಬಿಡಿ ಮೊಳೆ. ಮೊಳೆಗಳಿರುವ ಚೀಲಕ್ಕೇ ಬ್ಯಾಟರಿಯನ್ನೂ ಹಾಕಿದರೆ ಅದರ ಎರಡು ತುದಿಗಳಿಗೆ ಮೊಳೆ ಅಡ್ಡ ಬಿದ್ದು ಶಾರ್ಟ್ ಆಗಬಹುದು. ಎರಡನೆಯದು ಶಾಖ. ಈ ನಾಲ್ಕೂ ತಾಲ್ಲೂಕುಗಳು ವರ್ಜೀನಿಯಾ ತಂಬಾಕಿನ ಸೀಮೆ. ಸೊಪ್ಪು ಹದ ಮಾಡುವ ಬ್ಯಾರನ್ನಿನೊಳಗೆ ಕಡೆಯ ಹಂತದಲ್ಲಿ ಶಾಖ ಸುಮಾರು 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬ್ಯಾರನ್ನಿನ ಬಾಗಿಲು, ಮಾಡು ದುರಸ್ತಿಗೆ ಬಂದವರು ಬ್ಯಾಟರಿಯನ್ನು ಒಲೆಯ ಬಾಯಿಯ ಬಳಿಯೋ ಬಿಸಿ ಗೋಡೆಯ ಮೇಲೋ ಇಡಬಾರದು, ಅಲ್ಲಿ ಚಾರ್ಜಿಗೂ ಹಾಕಬಾರದು. ಅನಿಲದ ಗನ್ ಆದರೆ ಬೆಂಕಿಯ ಹತ್ತಿರಕ್ಕೇ ತರಬಾರದು.

ಬ್ಯಾಟರಿ ಉಬ್ಬಿದರೆ, ಒಡೆದರೆ, ನೀರಿಗೆ ಬಿದ್ದರೆ ಮತ್ತೆ ಬಳಸಬೇಡಿ. ಕೆಟ್ಟದ್ದನ್ನು ಒಲೆಗೆ, ತಿಪ್ಪೆಗೆ ಎಸೆಯದೆ ಅಂಗಡಿಗೆ ಹಿಂತಿರುಗಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹದ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.

ದಿನದ ಆರೈಕೆ

ಆರೈಕೆಯ ಮೊದಲ ಪಾಠ: ಗನ್ನಿಗೆ ಕೈ ಹಾಕುವ ಮುನ್ನ ಬ್ಯಾಟರಿ ತೆಗೆಯಿರಿ, ಮೊಳೆಗಳನ್ನೂ ತೆಗೆಯಿರಿ. ಒತ್ತಿಟ್ಟ ಗಾಳಿಯ ಗನ್ನಿನಲ್ಲಿ ಬ್ಯಾಟರಿ ತೆಗೆದ ಮೇಲೂ ಒಳಗೆ ಶಕ್ತಿ ಉಳಿದಿರುತ್ತದೆ. ಸಿಕ್ಕಿಕೊಂಡ ಮೊಳೆ ಬಿಡಿಸುವಾಗ ಮೂತಿ ಯಾರ ಕಡೆಗೂ ಇರಬಾರದು. ಆ ಸಿಲಿಂಡರನ್ನು ಸಿಕ್ಕ ಸಿಕ್ಕ ವರ್ಕ್‌ಶಾಪಿನಲ್ಲಿ ಬಿಚ್ಚಿಸಲೂಬಾರದು.

ಸಂಜೆ ಮೂತಿಯಲ್ಲಿ, ಮೊಳೆ ಸಾಲಿನ ಗೂಡಿನಲ್ಲಿ ಕೂತ ಮರದ ಪುಡಿಯನ್ನು ಒಣ ಬಟ್ಟೆ, ಬ್ರಷ್‌ಗಳಿಂದ ತೆಗೆಯಬೇಕು. ಸಡಿಲವಾದ ಸ್ಕ್ರೂ ಬಿಗಿಯಬೇಕು. ಗಾಳಿ ಗನ್ನಿಗೆ ದಿನಾ ಎಣ್ಣೆ ಬಿಟ್ಟ ಅಭ್ಯಾಸವನ್ನು ಇಲ್ಲಿ ಮುಂದುವರಿಸುವುದು ಬೇಡ. ಕೈಪಿಡಿ ಹೇಳದ ಹೊರತು ಎಣ್ಣೆ ಹಾಕಿದರೆ ಪುಡಿ ಅದಕ್ಕಂಟಿ ಗಸಿಯಾಗಿ ತುದಿ ಸಿಕ್ಕಿಕೊಳ್ಳುತ್ತದೆ. ಬೆಳಿಗ್ಗೆ ಬ್ಯಾಟರಿ ಹಾಕುವ ಮೊದಲೇ ತುದಿಯನ್ನು ಹಲಗೆಗೆ ಒತ್ತಿ ಬಿಟ್ಟು ನೋಡಬೇಕು. ತಟ್ಟನೆ ಹೊರಕ್ಕೆ ಬಂದರೆ ಸರಿ, ನಿಧಾನವಾದರೆ ಗನ್ ಅಂದು ಬಳಸಲು ಯೋಗ್ಯವಲ್ಲ. ಮಳೆಗಾಲದಲ್ಲಿ ಮೊಳೆಪಟ್ಟಿಗಳನ್ನು ಮುಚ್ಚಿದ ಡಬ್ಬದಲ್ಲಿಡಬೇಕು. ತುಕ್ಕಿನ ಮೊಳೆ ಸಿಕ್ಕಿಕೊಳ್ಳುವುದು ಖಂಡಿತ.

ಗಾಯವಾದರೆ

ಕೈಗೆ ಮೊಳೆ ಹೊಕ್ಕರೆ ಇಕ್ಕಳ ಹುಡುಕಬೇಡಿ. ಕೀಳುವಾಗಲೇ ನರ, ರಕ್ತನಾಳ ಹರಿಯುವುದುಂಟು. ಕೈ ಅಲುಗದಂತೆ ಬಟ್ಟೆಯ ಆಸರೆ ಕೊಟ್ಟು, ರಕ್ತ ಸುರಿಯುತ್ತಿದ್ದರೆ ಮೊಳೆಯ ಸುತ್ತ ಮೆಲ್ಲನೆ ಒತ್ತಿ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಬಹುದು. ಮೊಳೆ ಸಾಲನ್ನು ಅಂಟಿಸಿರುವ ಅಂಟು ಅಥವಾ ಪ್ಲಾಸ್ಟಿಕ್ ಚೂರು ಒಳಗೆ ಉಳಿದಿರಬಹುದೆಂದು ವೈದ್ಯರಿಗೆ ತಿಳಿಸಬೇಕು. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯವಾದರೂ ಎಕ್ಸ್‌ರೇ, ಧನುರ್ವಾಯು ಚುಚ್ಚುಮದ್ದು ತಪ್ಪಿಸಬಾರದು.

ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನಿರ್ಮಾಣ ಕೆಲಸದ ಬಡಗಿಗಳೂ ನೋಂದಾಯಿಸಿಕೊಳ್ಳಬಹುದು. ಅಲ್ಲಿ ಅಪಘಾತ ನೆರವಿನ ಯೋಜನೆಯಿದೆ. ಗನ್ ಕೊಳ್ಳುವಷ್ಟು ಕೆಲಸವಿರುವವರು ಈ ಕಾರ್ಡನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು.

ಹೊಸ ಉಪಕರಣ ಬೇಡವೆನ್ನುವ ಕಾಲ ಇದಲ್ಲ. ಆದರೆ ಉಳಿ ಹಿಡಿಯುವುದನ್ನು ಕಲಿಯಲು ವರ್ಷಗಟ್ಟಲೆ ಗುರುವಿನ ಬಳಿ ಕೂತವರು ಗನ್ ಹಿಡಿಯುವುದನ್ನು ಕಲಿಯಲು ಒಂದು ದಿನವನ್ನಾದರೂ ಮೀಸಲಿಡಬೇಕು. ಹಳೆಯ ಹಲಗೆಯೊಂದನ್ನು ಕ್ಲಾಂಪಿಗೆ ಸಿಕ್ಕಿಸಿ, ಎಡಗೈಯನ್ನು ಅಡಿ ದೂರದಲ್ಲಿಟ್ಟು ಐವತ್ತು ಮೊಳೆ ಹೊಡೆದರೆ ಕೈಗೆ ಹೊಸ ಜಾಗದ ರೂಢಿಯಾಗುತ್ತದೆ. ಮೊಳೆಗೆ ಖರ್ಚಾಗುವುದು ಕೆಲವು ರೂಪಾಯಿ ಮಾತ್ರ.