ಅರ್ಜಿಯ ಒಂದು ಖಾನೆ

ನಮ್ಮ ಆದೋನಿ ಸೀಮೆಯಲ್ಲಿ ‘ಸುಗ್ಗಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಎಲ್ಲ ಕನ್ನಡಿಗರೂ ಬಲ್ಲ ಬೆಳೆ ಕೊಯ್ಯುವ ಕಾಲ. ಇನ್ನೊಂದು, ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳುಮರಿಗಳನ್ನು ಕಟ್ಟಿಕೊಂಡು ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಹೋಗುವುದು. “ಸುಗ್ಗಿಗೆ ಹೋಗ್ಯಾರ” ಎಂದು ಹಾಜರಿ ಪುಸ್ತಕ ನೋಡುತ್ತ ಮಕ್ಕಳು ಹೇಳಿದರೆ, ಯಾವ ಸುಗ್ಗಿ ಎಂದು ನಾನು ಕೇಳುವುದಿಲ್ಲ. ಹೀಗೆ ಹೋದವರು ಮಳೆಗಾಲಕ್ಕೆ ಮರಳಿ ಬರುತ್ತಾರೆ. ಆದರೆ ಈಚೆಗೆ ಮತ್ತೊಂದು ಬಗೆಯ ಸುಗ್ಗಿ ಆರಂಭವಾಗಿದೆ. ಅದರಿಂದ ಮರಳುವ ದಿನ ಹೋದವರಿಗೂ ತಿಳಿಯದು.

ಕಳೆದ ಶ್ರಾವಣದಲ್ಲಿ ಉರುಕುಂದದ ಈರಣ್ಣಸ್ವಾಮಿಯ ದರ್ಶನಕ್ಕೆಂದು ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿ ಮಕ್ಕಳೊಡನೆ ಶಾಲೆಗೂ ಬಂದ. ಎರೆಹೊಲದ ಹತ್ತಿಯ ದುಡ್ಡಿನಲ್ಲಿ ಓದಿ ಎಂಜಿನಿಯರನಾಗಿ, ಈಗ ಸಿಂಗಪುರದಲ್ಲಿ ಕೆಲಸದಲ್ಲಿರುವವನು. ಕುಶಲ ಪ್ರಶ್ನೆ ಮುಗಿದ ಮೇಲೆ ತುಸು ಸಂಕೋಚದಿಂದ ಹೇಳಿದ: “ಮಗಳನ್ನ ಅಲ್ಲಿನ ಶಾಲೆಗೆ ಹಾಕಬೇಕು ಸಾರ್. ತಾಯ್ನುಡಿ ಅಂತ ಒಂದು ಖಾನೆ ಐತೆ. ಅದ್ರಾಗೆ ನಮ್ಮ ಭಾಷೇನೇ ಇಲ್ಲ ನೋಡ್ರಿ. ಏನು ಬರೀಲಿ?”

ಆ ದ್ವೀಪ

ಸಿಂಗಪುರ ಭೂಮಧ್ಯರೇಖೆಗೆ ಒಂದೂಕಾಲು ಡಿಗ್ರಿಯಷ್ಟೇ ಉತ್ತರಕ್ಕಿರುವ ಪುಟ್ಟ ದ್ವೀಪರಾಷ್ಟ್ರ. ಅಲ್ಲಿ ಬೇಸಗೆ, ಚಳಿ ಎಂಬ ಭೇದವಿಲ್ಲ. ವರ್ಷವಿಡೀ ಹಗಲಿರುಳು ಹೆಚ್ಚುಕಡಿಮೆ ಸಮ. ವರ್ಷಕ್ಕೆ 2,100 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ನಮಗೆ ಬೀಳುವುದು ಅದರ ಮೂರರಲ್ಲೊಂದು ಪಾಲಿನಷ್ಟು. 1819ರಲ್ಲಿ ಇಂಗ್ಲಿಷರು ಅಲ್ಲಿ ವ್ಯಾಪಾರದ ಠಾಣೆ ಹೂಡಿದರು. 1965ರ ಆಗಸ್ಟ್ 9ರಂದು ಅದು ಸ್ವತಂತ್ರ ರಾಷ್ಟ್ರವಾಯಿತು.

ಭಾರತದವರಿಗೆ ಆ ನೆಲ ಹೊಸದಲ್ಲ. 1825ರಿಂದಲೇ ನಮ್ಮ ದೇಶದ ಕೈದಿಗಳನ್ನು ಹಡಗಿನಲ್ಲಿ ತುಂಬಿ ಅಲ್ಲಿಗೆ ಕಳಿಸಿ, ರಸ್ತೆ ಕಟ್ಟಡಗಳ ಕೆಲಸಕ್ಕೆ ಹಚ್ಚಿದರು. ಅಲ್ಲಿನ ಸೇಂಟ್ ಆಂಡ್ರ್ಯೂಸ್ ಚರ್ಚನ್ನು ಕಟ್ಟಿದ್ದು ಅವರೇ. ಚಿಪ್ಪಿನ ಸುಣ್ಣಕ್ಕೆ ಮೊಟ್ಟೆಯ ಬಿಳಿ, ಸಕ್ಕರೆ ಬೆರೆಸಿ ಅರೆದ ಗಾರೆಯನ್ನು ಅದರ ಗೋಡೆಗೆ ಬಳಿದರು. ಅದಕ್ಕೆ ‘ಮದ್ರಾಸು ಸುಣ್ಣ’ ಎಂದೇ ಹೆಸರು. ಆಗ ನಮ್ಮ ಆದವಾನಿಯೂ ಮದ್ರಾಸು ಪ್ರಾಂತ್ಯದಲ್ಲೇ ಇತ್ತು. ಹಾಗೆ ಹೋದವರಿಗೆ ತಾಯ್ನುಡಿ ಯಾವುದೆಂದು ಯಾರೂ ಕೇಳಿರಲಾರರು.

ಇರವಿನ ಲೆಕ್ಕಾಚಾರ

ಪರದೇಶವಾಸವೆಂದರೆ ಸಂಬಳವನ್ನು ರೂಪಾಯಿಗೆ ತಿರುಗಿಸಿ ಗುಣಿಸುವುದಷ್ಟೇ ಎಂದು ನಮ್ಮಲ್ಲಿ ಅನೇಕರ ಭಾವನೆ. ಆ ದೇಶದಲ್ಲಿ ಮನುಷ್ಯನ ಸಂಸಾರವೂ ಅವನ ಸಂಬಳಕ್ಕೆ ಕಟ್ಟುಬಿದ್ದಿದೆ. ನನ್ನ ವಿದ್ಯಾರ್ಥಿಯಂತೆ ಉದ್ಯೋಗದ ಪಾಸಿನ ಮೇಲಿರುವವನು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ತಿಂಗಳಿಗೆ ಕನಿಷ್ಠ 6,000 ಸಿಂಗಪುರ ಡಾಲರ್ ದುಡಿಯಬೇಕು. ತಂದೆತಾಯಿಯರನ್ನು ಬಹುಕಾಲ ಇರಿಸಿಕೊಳ್ಳಲು 12,000 ಬೇಕು. ಕಟ್ಟಡದ ಕೆಲಸಕ್ಕೆ ಹೋಗುವ ಕೂಲಿಗಾರನಿಗಾದರೋ ಸಂಸಾರವನ್ನು ಕರೆಸುವ ಹಕ್ಕೇ ಇಲ್ಲ. ಅವನ ವಾಸ ಸಾಮಾನ್ಯವಾಗಿ ಹತ್ತಾರು ಜನರೊಡನೆ ವಸತಿಶಾಲೆಯಲ್ಲಿ. ಆದುದರಿಂದ ಹೊಲ ಅಡವಿಟ್ಟು ದಲ್ಲಾಳಿಯ ಕೈಗೆ ಹಣ ಎಣಿಸುವ ಮೊದಲು, ಯಾವ ಪಾಸು, ಮೂಲ ಸಂಬಳವೆಷ್ಟು, ಅದರಲ್ಲಿ ಕಡಿತವೆಷ್ಟು ಎಂಬುದನ್ನು ಅನುಮತಿ ಪತ್ರದಲ್ಲೇ ಓದಿ ತಿಳಿಯಬೇಕೆಂದು ಓದುಗರಲ್ಲಿ ನನ್ನ ವಿನಂತಿ.

ಕಾಯಂ ನಿವಾಸಿಯಾದರೆ ಎಷ್ಟೋ ಅನುಕೂಲವುಂಟು. ಆದರೆ ತಂದೆಯೊಡನೆ ಆ ಹಕ್ಕನ್ನು ಪಡೆದ ಗಂಡುಮಗು ಬೆಳೆದ ಮೇಲೆ ಎರಡು ವರ್ಷ ಅಲ್ಲಿನ ರಾಷ್ಟ್ರೀಯ ಸೇವೆ ಮಾಡಬೇಕು. 1967ರಿಂದ ನಡೆದುಬಂದ ಕಾನೂನದು. ತಾಯಿಯ ಕಂಕುಳಲ್ಲಿ ನಿದ್ರಿಸುತ್ತಿದ್ದ ಕೂಸನ್ನು ನೋಡುತ್ತ, “ಇವನ ಪರವಾಗಿ ನಾನು ಈಗಲೇ ರುಜು ಹಾಕಬೇಕು ಸಾರ್” ಎಂದ ನನ್ನ ವಿದ್ಯಾರ್ಥಿ.

ತಾಯ್ನುಡಿಯ ಪಟ್ಟಿ

ಸಿಂಗಪುರದ ಅಧಿಕೃತ ಭಾಷೆಗಳು ನಾಲ್ಕು: ಮಲಯ್, ಚೀನಿ, ತಮಿಳು, ಇಂಗ್ಲಿಷ್. ಪಾಠವೆಲ್ಲ ಇಂಗ್ಲಿಷಿನಲ್ಲಿ, ಜೊತೆಗೆ ಪ್ರತಿ ಮಗುವೂ ತಾಯ್ನುಡಿಯನ್ನು ಕಲಿಯಬೇಕೆಂಬುದು ನಿಯಮ. ಭಾರತೀಯ ಮಗುವಿಗೆ ತಮಿಳು, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಲ್ಲೊಂದು. ಕನ್ನಡವಿಲ್ಲ. ತೆಲುಗೂ ಇಲ್ಲ! ಇಲ್ಲಿ ತೆಲುಗಿನ ನಡುವೆ ಕನ್ನಡವನ್ನು ಹೇಗೆ ಉಳಿಸುವುದೆಂದು ಚಿಂತಿಸುವ ನಮಗೆ, ಅಲ್ಲಿ ಎರಡೂ ಭಾಷೆಗಳು ಒಂದೇ ಬಾಗಿಲ ಹೊರಗೆ ನಿಂತಿರುವುದನ್ನು ಕೇಳಿ ನಗು ಬಂದಿತು; ಮರುಗಳಿಗೆಯಲ್ಲೇ ಆ ನಗು ಇಂಗಿತು.

ಅಲ್ಲಿ 1996ರಲ್ಲಿ ಸ್ಥಾಪನೆಯಾದ ಕನ್ನಡ ಸಂಘವೊಂದಿದೆ, ರಾಜ್ಯೋತ್ಸವವನ್ನು ಆಚರಿಸುತ್ತದೆ. ಅದು ಸಂತೋಷದ ವಿಷಯ. ಆದರೆ ವರ್ಷದ ಒಂದು ಹಬ್ಬ ಮಗುವಿಗೆ ಅಕ್ಷರವನ್ನು ತಿದ್ದಿಸದು ಎಂಬುದನ್ನು ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ನಾನು ಬಲ್ಲೆ.

ಮನೆ ಬಿಡದೆ ದಾಟಿದ ಗಡಿ

ನನ್ನ ತಂದೆಯವರು 1953ರ ಅಕ್ಟೋಬರ್ 1ರ ಸಂಗತಿಯನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಅಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. “ರಾತ್ರಿ ಬಳ್ಳಾರಿ ಜಿಲ್ಲೆಯಲ್ಲಿ ಮಲಗಿದೆ, ಬೆಳಿಗ್ಗೆ ಕರ್ನೂಲು ಜಿಲ್ಲೆಯಲ್ಲಿ ಎದ್ದೆ, ಚಾಪೆ ಮಾತ್ರ ಅದೇ” ಎನ್ನುತ್ತಿದ್ದರು. ಹಡಗು ಹತ್ತದೆ ನಾವು ಹೊರನಾಡ ಕನ್ನಡಿಗರಾದೆವು. ಆದರೂ ನಮಗೆ ಒಂದು ಆಸರೆಯಿದೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲಗಳಿರಬೇಕೆನ್ನುತ್ತದೆ. ಸಮುದ್ರದಾಚೆ ಹೋದವರಿಗೆ ಅಂಥ ವಿಧಿಯಿಲ್ಲ. ಮನೆಯೇ ಅವರ ಕನ್ನಡ ಶಾಲೆ.

ನಾನು ಅವನಿಗೆ ಹೇಳಿದ್ದಿಷ್ಟೇ: “ಖಾನೆಯಲ್ಲಿ ಹಿಂದಿ ಎಂದು ಬರೆಯಪ್ಪ, ತಪ್ಪಿಲ್ಲ, ಅದೂ ವಿದ್ಯೆಯೇ. ಆದರೆ ವಾರಕ್ಕೊಮ್ಮೆ ಮಗಳು ಅಜ್ಜಿಗೆ ಒಂದು ಕಾಗದ ಬರೆಯಲಿ. ಫೋನಿನಲ್ಲಿ ಮಾತು ಉಳಿದೀತು, ಅಕ್ಷರ ಉಳಿಯದು.” ಅವನ ತಂದೆಯನ್ನೂ ಕೇಳಿದೆ, ಹೋಗುವಿರಾ ಎಂದು. ಅವರು, “ನಾಲ್ಕೆಕರೆ ಎರೆ ಐತಿ ಸಾರ್. ನಾವೂ ಹೋದ್ರೆ ಇವರು ಯಾರ ಮನಿಗೆ ಬರಬೇಕು?” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ದೀಪಾವಳಿ ಕಳೆದು ಅಂಚೆಯಲ್ಲಿ ಮೊದಲ ಕಾಗದ ಬಂದಿತು. ಓದು ಬಾರದ ಅಜ್ಜಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಶಾಲೆಗೆ ತಂದಳು. ನಾಲ್ಕೇ ಸಾಲು, ‘ಅಜ್ಜಿ’ ಎಂಬಲ್ಲಿ ಜಕಾರದ ಒತ್ತು ಬಿಟ್ಟುಹೋಗಿ ‘ಅಜಿ’ ಎಂದಾಗಿತ್ತು. ಅಭ್ಯಾಸಬಲದಿಂದ ನನ್ನ ಕೈ ಕೆಂಪು ಶಾಯಿಯ ಪೆನ್ನಿಗೆ ಹೋಯಿತು. ಅಜ್ಜಿ ಕಾಗದವನ್ನು ತಟಕ್ಕನೆ ಹಿಂದಕ್ಕೆಳೆದುಕೊಂಡು, “ಇದರ ಮ್ಯಾಲೆ ಏನೂ ಬರೀಬ್ಯಾಡ್ರಿ ಸಾರ್. ಇನ್ನೊಂದು ಸಲ ಓದ್ರಿ” ಎಂದಳು. ಓದಿದೆ.